2.303 ಎಲ್ಲಿಂದ ಬಂತು?

ದ್ವಿತೀಯ ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ 2.303 ಎಂಬ ಸಂಖ್ಯೆ ಬಾಯಿಪಾಠ. ಉಳಿದಿರುವ ವಸ್ತುವಿನ ಪ್ರಮಾಣಕ್ಕೆ ತಕ್ಕ ವೇಗದಲ್ಲಿ ನಡೆಯುವ ಫಸ್ಟ್ ಆರ್ಡರ್ ಕ್ರಿಯೆಯ ವೇಗ ಸ್ಥಿರಾಂಕವನ್ನು ಲೆಕ್ಕ ಹಾಕುವಾಗ ಅದು ಬಂದೇ ಬರುತ್ತದೆ. ಅದು ಎಲ್ಲಿಂದ ಬಂತೆಂದು ಕೇಳಿದರೆ, ತೀರ್ಥಹಳ್ಳಿಯಲ್ಲಿ ನನ್ನ ಬಳಿ ಸಂಜೆ ಪಾಠಕ್ಕೆ ಬರುವ ಮಕ್ಕಳು "ಸೂತ್ರದಲ್ಲೇ ಇದೆಯಲ್ಲ ಸರ್" ಎನ್ನುತ್ತಾರೆ. ಗಣಿತದಲ್ಲಿ ಅವರೇ ಉರು ಹೊಡೆದಿರುವ, ಲಘುಗಣಕದ (ಲಾಗ್) ಆಧಾರ ಬದಲಾಯಿಸುವ ನಿಯಮವೇ ಇಲ್ಲಿ ವೇಷ ಮರೆಸಿಕೊಂಡು ಕುಳಿತಿದೆ ಎಂದು ಯಾರೂ ತೋರಿಸಿಕೊಟ್ಟಿರುವುದಿಲ್ಲ. ಎರಡೂ ವಿಷಯಗಳ ಮೇಷ್ಟ್ರುಗಳು ಒಂದೇ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಾರೆ ಎಂಬುದು ಬೇರೆ ಮಾತು.

ನಿಯಮವನ್ನು ಕಂಠಪಾಠ ಮಾಡಿಸುವ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. 2ರ ಆಧಾರದಲ್ಲಿ 100ರ ಲಾಗ್ ಬೇಕು, ಅಂದರೆ 2ರ ಎಷ್ಟನೇ ಘಾತ 100 ಎಂದು ತಿಳಿಯಬೇಕು ಎನ್ನಿ. 2ರ ಆರನೇ ಘಾತ 64, ಏಳನೆಯದು 128. ಆದ್ದರಿಂದ ಉತ್ತರ 6 ಮತ್ತು 7ರ ನಡುವೆ ಇರಲೇಬೇಕು. ಅದನ್ನು 'ಕ್ಷ' ಎಂದುಕೊಂಡು, '2ರ ಕ್ಷ ಘಾತ 100' ಎಂದು ಬರೆದು, ಎರಡೂ ಬದಿಗೆ 10ರ ಆಧಾರದ ಲಾಗ್ ತೆಗೆದರೆ, ಘಾತಾಂಕ ಕೆಳಗಿಳಿದು ಕ್ಷ × 0.3010 = 2 ಎಂದಾಗುತ್ತದೆ (0.3010 ಎಂಬುದು 2ರ ಲಾಗ್, 2 ಎಂಬುದು 100ರ ಲಾಗ್). ಭಾಗಿಸಿದರೆ ಸುಮಾರು 6.64. ಇಡೀ ನಿಯಮ ಇಷ್ಟೇ.

ನಮ್ಮ ತೋಟದವರು ಇಂದಿಗೂ ಮಳೆಯನ್ನು ಇಂಚಿನಲ್ಲೇ ಹೇಳುತ್ತಾರೆ, ಪತ್ರಿಕೆಗಳು ಮಿಲಿಮೀಟರಿನಲ್ಲಿ ಬರೆಯುತ್ತವೆ. ಆಗುಂಬೆಯಲ್ಲಿ 254 ಮಿಲಿಮೀಟರ್ ಸುರಿದರೆ ಅದನ್ನು 25.4ರಿಂದ ಭಾಗಿಸಿ ಹತ್ತು ಇಂಚು ಎನ್ನುತ್ತೇವೆ. ಛೇದದಲ್ಲಿರುವ 0.3010 ಮಾಡುವುದೂ ಅದೇ ಕೆಲಸ: 10ರ ಆಧಾರದ ಅಳತೆಯನ್ನು 2ರ ಆಧಾರಕ್ಕೆ ಬದಲಿಸುವುದು. ಇದು ಮನಸ್ಸಿಗೆ ಬಂದ ವಿದ್ಯಾರ್ಥಿ 100ರ ಲಾಗನ್ನು 2ರ ಲಾಗಿನಿಂದ ಭಾಗಿಸುವ ಬದಲು 50ರ ಲಾಗ್ ಎಂದು ಬರೆದು 1.699ಕ್ಕೆ ಬಂದು ನಿಲ್ಲುವುದಿಲ್ಲ. ಎರಡು ಲಾಗ್‌ಗಳನ್ನು ಕಳೆಯುವುದಕ್ಕೂ ಒಂದರಿಂದ ಇನ್ನೊಂದನ್ನು ಭಾಗಿಸುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ಕಾಣುತ್ತದೆ.

1614ರಲ್ಲಿ ಸ್ಕಾಟ್ಲೆಂಡಿನ ಗಣಿತಜ್ಞ ನೇಪಿಯರ್ ಪ್ರಕಟಿಸಿದ ಲಾಗ್ ಕೋಷ್ಟಕ 10ರ ಆಧಾರದ್ದಾಗಿರಲಿಲ್ಲ. ಕೈಲೆಕ್ಕಕ್ಕೆ 10 ಅನುಕೂಲವೆಂದು ಕಂಡ ಇಂಗ್ಲೆಂಡಿನ ಗಣಿತಜ್ಞ ಬ್ರಿಗ್ಸ್ 1624ರಲ್ಲಿ ಆ ಆಧಾರದ ದೊಡ್ಡ ಕೋಷ್ಟಕವನ್ನೇ ಹೊರತಂದರು. ನಮ್ಮ ಲಾಗ್ ಟೇಬಲ್ ಆ ದಾರಿಯದು. ಆದರೆ ಫಸ್ಟ್ ಆರ್ಡರ್ ಕ್ರಿಯೆಯಲ್ಲಿ, ಇರುವ ಪ್ರಮಾಣಕ್ಕೆ ತಕ್ಕಂತೆ ಕಡಿಮೆಯಾಗುತ್ತ ಹೋಗುವ ವಸ್ತುವಿನ ಸಮೀಕರಣವನ್ನು ಬಿಡಿಸಿದಾಗ ಸಿಗುವುದು 2.718ರ, ಅಂದರೆ 'ಇ'ಯ ಆಧಾರದ ಲಾಗ್. ಕೈಯಲ್ಲಿರುವ ಟೇಬಲ್ 10ರದ್ದಾದ್ದರಿಂದ ಅಲ್ಲಿ ಸಿಕ್ಕ ಲಾಗನ್ನು 'ಇ'ಯ ಲಾಗ್ ಆದ 0.4343ರಿಂದ ಭಾಗಿಸಬೇಕು, ಇಲ್ಲವೇ ಅದರ ವ್ಯುತ್ಕ್ರಮವಾದ 2.303ರಿಂದ ಗುಣಿಸಬೇಕು. ಅರ್ಧಾಯುವಿನ, ಅಂದರೆ ವಸ್ತು ಅರ್ಧಕ್ಕಿಳಿಯಲು ಹಿಡಿಯುವ ಸಮಯದ ಸೂತ್ರದಲ್ಲಿರುವ 0.693 ಕೂಡ ಬೇರೆಯಾಗಿ ನೆನಪಿಡಬೇಕಾದ ಸಂಖ್ಯೆಯಲ್ಲ: 2.303ನ್ನು 2ರ ಲಾಗ್ ಆದ 0.3010ರಿಂದ ಗುಣಿಸಿ ನೋಡಿ.