ಬ್ಯಾಡ್ಜು ಕೊಟ್ಟೆವು, ಕೆಲಸ ಕೊಡಲಿಲ್ಲ

ಮಂಡ್ಯ ಸೀಮೆಯ ಪ್ರೌಢಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ಚೆನ್ನಾಗಿಯೇ ನಡೆಯುತ್ತದೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಎಣಿಕೆ, ಪ್ರಮಾಣವಚನ. ಆದರೆ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ ಎಂದು ಬ್ಯಾಡ್ಜು ಸಿಕ್ಕಿಸಿಕೊಂಡ ಮಕ್ಕಳು ಆಮೇಲೆ ವರ್ಷವಿಡೀ ಮಾಡುವುದೇನು? ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು. ಅದನ್ನು ಕಾವಲು ಎನ್ನಬಹುದು. ನಾಯಕತ್ವ ಎನ್ನಲು ನನಗೆ ಮನಸ್ಸು ಬಾರದು.

ನಾನಿರುವ ಕೇರಳದಲ್ಲಿ ಹಾದಿ ಬೇರೆ. 2010ರಲ್ಲಿ ಶಾಲಾ ಮಕ್ಕಳಿಗೆ ಶಿಸ್ತು, ಕಾನೂನು ಕಲಿಸುವ ಸ್ಟೂಡೆಂಟ್ ಪೊಲೀಸ್ ಕೆಡೆಟ್, 2018ರಲ್ಲಿ ಲಿಟಲ್ ಕೈಟ್ಸ್ ಎಂಬ ಶಾಲಾ ಕಂಪ್ಯೂಟರ್ ಕೂಟ ಶುರುವಾದವು. ಲಿಟಲ್ ಕೈಟ್ಸ್ ಸೇರಲು ಎಂಟನೇ ತರಗತಿಯಲ್ಲಿ ಅಭಿರುಚಿ ಪರೀಕ್ಷೆ ಬರೆಯಬೇಕು. ಪ್ರತಿ ಘಟಕಕ್ಕೂ ಇಬ್ಬರು ಶಿಕ್ಷಕರ ಹೊಣೆ. ಕಂಪ್ಯೂಟರ್ ಕಲಿತ ಮಗು ಇನ್ನೊಬ್ಬರಿಗೆ ಕಲಿಸಲೂ ಬೇಕು. ತಾಯಂದಿರಿಗೆ ಸೈಬರ್ ಸುರಕ್ಷತೆಯ ಪಾಠವನ್ನು ಈ ಮಕ್ಕಳೇ ಹೇಳಿಕೊಟ್ಟಿದ್ದಾರೆ. ಎದುರಿಗೆ ಅಮ್ಮಂದಿರು ಕೂತಾಗ ಬಾಯಿಪಾಠ ನಡೆಯದು. ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ಗ್ರೇಸ್ ಮಾರ್ಕ್ಸ್ ಇರುವುದರಿಂದ ಅಂಕದ ಆಸೆಗೇ ಸೇರುವವರೂ ಉಂಟು. ಆ ಅಂಕದ ಆಸೆಯನ್ನು ನಾವು ಕರ್ನಾಟಕಕ್ಕೆ ತರುವುದು ಬೇಡ.

ತರಬೇಕಾದ್ದು ಕೆಲಸ ಹಂಚುವ ರೀತಿ. ಮೈಸೂರು, ಮಂಡ್ಯಗಳಲ್ಲಿ ಮಕ್ಕಳಿಗೆ ಮಾರ್ಗದರ್ಶನ ಮಾಡಲು ಹೋಗುವ ನಿವೃತ್ತರು ಹೆಚ್ಚಾಗಿ ಭಾಷಣ ಮಾಡಿ ಬರುತ್ತಾರೆ. ಅದರ ಬದಲು ಒಂಬತ್ತನೆಯ ತರಗತಿಯ ಆರು ಮಕ್ಕಳನ್ನು ಹಿಡಿಯಿರಿ. ಎಂಟನೆಯವರಿಗೆ ಶಾಲೆ ಹೊಸದು, ಹತ್ತನೆಯವರಿಗೆ ಸ್ಪೆಷಲ್ ಕ್ಲಾಸು. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ 40 ನಿಮಿಷ ಅವರ ಜೊತೆ ಕೂತರೆ ಸಾಕು.

ಕೆಲಸ ದಿನನಿತ್ಯದ್ದಾಗಿರಲಿ. ಕ್ಷೀರಭಾಗ್ಯದ ಹಾಲನ್ನೇ ನೋಡಿ. 2013ರಲ್ಲಿ ಯೋಜನೆ ಬಂದಾಗಿನ ಲೆಕ್ಕದಲ್ಲಿ ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. 120 ಮಕ್ಕಳು ಬಂದ ದಿನ 2 ಕೆಜಿ 160 ಗ್ರಾಂ ಪುಡಿ, 18 ಲೀಟರ್ ಹಾಲು. ಹಾಜರಿ ಎಣಿಸಿ ಅಡುಗೆಯವರಿಗೆ ತಿಳಿಸುವುದು, ಸಾಲು ನಿಲ್ಲಿಸುವುದು, ಲೋಟ ತೊಳೆಸುವುದು, ಉಳಿದದ್ದನ್ನು ಬರೆದಿಡುವುದು ಮಕ್ಕಳ ಪಾಲಿಗೆ. ಒಲೆಯ ಹತ್ತಿರ ಮಾತ್ರ ಬಿಡಕೂಡದು. ಎರಡು ವಾರಕ್ಕೊಮ್ಮೆ ಹೊಣೆ ಬದಲಾಗಬೇಕು. ಇಲ್ಲವಾದರೆ ಜೋರು ಬಾಯಿನ ಹುಡುಗ ದರ್ಬಾರು ನಡೆಸುತ್ತಾನೆ, ಅಕ್ಷರ ದುಂಡಗಿರುವ ಹುಡುಗಿ ವರ್ಷವೆಲ್ಲ ಲೆಕ್ಕ ಬರೆಯುತ್ತಾ ಕೂರುತ್ತಾಳೆ.

ಹಾಲು ಸಾಲದೆ ಬಂದ ದಿನ ದೊಡ್ಡವರು ನುಗ್ಗಿ ಸರಿಪಡಿಸಿಬಿಟ್ಟರೆ ಮಕ್ಕಳು ಕಲಿಯುವುದು ಅಲ್ಲಿಗೇ ನಿಂತಿತು. ಆ ಹೊತ್ತಿಗೆ ಯಾರೂ ಹಸಿದಿರದಂತೆ ನೋಡಿಕೊಂಡು, ಉಳಿದ ಮಾತನ್ನು ಶನಿವಾರಕ್ಕೆ ಇಡಿ. ಏನಾಯ್ತು, ಯಾಕಾಯ್ತು, ಸೋಮವಾರ ಏನು ಬದಲಾಯಿಸ್ತೀರಿ? ಕೇಳಿ, ಸುಮ್ಮನೆ ಕಾಯಿರಿ. ಆ ಮೌನ ತಡೆಯುವುದೇ ನಮ್ಮವರಿಗೆ ಕಷ್ಟ. ಮಗು ತಲೆ ತಗ್ಗಿಸಿತೆಂದರೆ ಉತ್ತರವನ್ನು ನಾವೇ ಹೇಳಿಬಿಡುತ್ತೇವೆ. ‘ಹೇಳವ್ವ, ತಪ್ಪಾದ್ರೂ ಪರವಾಗಿಲ್ಲ’ ಎಂಬಷ್ಟೇ ಮಾತು ಸಾಕು.

ನಮ್ಮ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಎಂಬ ದೊಡ್ಡ ಅನುಕೂಲವಿದೆ. ಪಂಚಾಯಿತಿಯವರು ಮಕ್ಕಳೆದುರು ಕೂತು ಅಹವಾಲು ಕೇಳುತ್ತಾರೆ. ‘ಶೌಚಾಲಯ ಸರಿಯಿಲ್ಲ’ ಎಂದಷ್ಟೇ ಹೇಳಿ ಕೂತರೆ ಸಿಗುವುದು ಭರವಸೆ. ಮೂರು ವಾರ ಮೊದಲೇ ಗುಂಪು ನೋಟ್‌ಬುಕ್ ಹಿಡಿದು ಹೊರಡಲಿ: ನಲ್ಲಿ ಎಷ್ಟಿವೆ, ಎಷ್ಟರಲ್ಲಿ ನೀರು ಬರುತ್ತದೆ, ಯಾವಾಗಿನಿಂದ ಕೆಟ್ಟಿದೆ, ಎಷ್ಟು ಹುಡುಗಿಯರಿಗೆ ತೊಂದರೆ. ಅರ್ಧ ಪುಟದ ಅರ್ಜಿ, ಎರಡು ಪ್ರತಿ. ಒಂದು ಪಿಡಿಒ ಅವರಿಗೆ. ಇನ್ನೊಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿ ಸಹಿ. ಸಭೆಯ ಫೋಟೋ ತೆಗೆದ ಮೇಲೆ ಯಾರೂ ವಿಚಾರಿಸದಿರುವುದರಿಂದಲೇ ಕೆಲಸ ಕೆಡುವುದು. ತಿಂಗಳಾದ ಮೇಲೆ ಆ ಪ್ರತಿ ಹಿಡಿದು ಇಬ್ಬರು ಮಕ್ಕಳು, ಜೊತೆಗೊಬ್ಬ ಶಿಕ್ಷಕರು ಪಂಚಾಯಿತಿಗೆ ಹೋಗಬೇಕು. ಆ ಇಬ್ಬರಲ್ಲಿ ಒಬ್ಬಳು, ಸಭೆಯಲ್ಲಿ ಬಾಯಿಬಿಡದೆ ಕೂತಿದ್ದ ಹುಡುಗಿಯಾಗಿರಲಿ.