ಹಲ್ಲಿನ ಕ್ಯಾಪ್ ಕೂರಿಸುವ ಸಿಮೆಂಟ್ ಕುರಿತು ಒಂದು ಸ್ಪಷ್ಟನೆ

‘ಕ್ಯಾಪ್ ಕೂರಿಸಲು ರೆಸಿನ್ ಸಿಮೆಂಟ್ ಒಂದೇ ಸರಿ, ಉಳಿದವೆಲ್ಲ ಹಳೆಯ ಕಳಪೆ ವಸ್ತುಗಳು’ ಎಂಬ ಸಂದೇಶ ಹರಿದಾಡುತ್ತಿದೆ (ರೆಸಿನ್ ಎಂದರೆ ಪ್ಲಾಸ್ಟಿಕ್‌ನಂಥ ಅಂಟು). ಇದು ಸರಿಯಲ್ಲ.

ಯಾವ ಸಿಮೆಂಟ್ ಎಂಬುದು ಕ್ಯಾಪ್ ಯಾವುದರಿಂದ ಮಾಡಿದ್ದು, ಅರೆದು ಸಿದ್ಧಪಡಿಸಿದ ಹಲ್ಲು ಎಷ್ಟು ಎತ್ತರ ಉಳಿದಿದೆ, ಆ ಜಾಗವನ್ನು ಒಣಗಿಸಿಡಲು ಸಾಧ್ಯವೇ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿರುವ ಜಿಂಕ್ ಫಾಸ್ಫೇಟ್ ಎಂಬ ಸಿಮೆಂಟ್ ಹಲ್ಲಿಗೆ ರಾಸಾಯನಿಕವಾಗಿ ಅಂಟುವುದಿಲ್ಲ. ಮೇಲ್ಮೈಯ ಸೂಕ್ಷ್ಮ ಒರಟಿನಲ್ಲಿ ಕಚ್ಚಿಕೊಂಡು ಕ್ಯಾಪನ್ನು ಹಿಡಿದಿಡುತ್ತದೆ. 1970ರ ದಶಕದಲ್ಲಿ ಬಂದ ಗ್ಲಾಸ್ ಅಯೋನೋಮರ್ ಎಂಬ ಇನ್ನೊಂದು ಸಿಮೆಂಟ್ ಹಲ್ಲಿನ ಕ್ಯಾಲ್ಸಿಯಂ ಜೊತೆ ಬಂಧ ಬೆಳೆಸುತ್ತದೆ, ಫ್ಲೋರೈಡನ್ನೂ ಬಿಡುಗಡೆ ಮಾಡುತ್ತದೆ. ಹಲ್ಲಿಗೆ ಸಾಕಷ್ಟು ಎತ್ತರವಿದ್ದರೆ ಲೋಹದ ಹಾಗೂ ಜಿರ್ಕೋನಿಯಾ (ಬಲು ಗಟ್ಟಿಯಾದ ಬಿಳಿ ಸೆರಾಮಿಕ್) ಕ್ಯಾಪ್‌ಗಳಿಗೆ ಇದು ಚೆನ್ನಾಗಿಯೇ ಒಪ್ಪುತ್ತದೆ.

ರೆಸಿನ್ ಹೆಚ್ಚು ಗಟ್ಟಿ ಎಂಬುದು ನಿಜ. ತೆಳುವಾದ ಗಾಜಿನಂಥ ಸೆರಾಮಿಕ್ ಕ್ಯಾಪ್‌ಗೆ, ಗಿಡ್ಡವಾಗಿ ಉಳಿದ ಹಲ್ಲಿಗೆ ಅದೇ ಸೂಕ್ತ. ಆದರೆ ಅಂಟಿಸುವಾಗ ಎಂಜಲು ಅಥವಾ ರಕ್ತ ತಾಗಿದರೆ ಅದರ ಹಿಡಿತ ಕುಗ್ಗುತ್ತದೆ, ಒಸಡಿನಡಿ ಉಳಿದ ಹೆಚ್ಚುವರಿ ರೆಸಿನ್ ತೆಗೆಯುವುದೂ ಕಷ್ಟ. ಒಸಡಿನ ಅಂಚಿಗಿಂತ ಕೆಳಗಿಳಿದ ಕ್ಯಾಪ್‌ಗೆ ವೈದ್ಯರು ಗ್ಲಾಸ್ ಅಯೋನೋಮರ್ ಆರಿಸಿದರೆ ಅದು ಕಳಪೆ ಕೆಲಸವಲ್ಲ, ವಿವೇಚನೆಯ ಆಯ್ಕೆ ಎಂದೇ ನಾನು ಭಾವಿಸುತ್ತೇನೆ.

ತಾತ್ಕಾಲಿಕ ಸಿಮೆಂಟ್ ‘ಮೋಸ’ ಎಂಬ ಮಾತೂ ತಪ್ಪು. ಮುಂದೆ ಸುಲಭವಾಗಿ ತೆಗೆಯಲೆಂದೇ ಅದನ್ನು ದುರ್ಬಲವಾಗಿ ತಯಾರಿಸಿರುತ್ತಾರೆ.

ಈ ಸಂದೇಶ ನಂಬಿ ಸರಿಯಾಗಿ ಕೂತಿರುವ ಕ್ಯಾಪನ್ನು ಯಾರೂ ತೆಗೆಸಬಾರದು. ದಯವಿಟ್ಟು ಅದನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.