ಯಾರದೋ ಶೋಕಿ, ನಿಮ್ಮ ಕ್ಲೇಮು

ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಪ್ರೀಮಿಯಂ ತಪ್ಪದೆ ಕಟ್ಟಿ, ಕೊನೆಗೆ ಎಲ್ಲೋ ಗುದ್ದಿದಾಗ 'ಕಾರು ಮಾಡಿಫೈ ಆಗಿದೆ, ಕ್ಲೇಮ್ ಕೊಡಲ್ಲ' ಅನ್ನಿಸಿಕೊಂಡವರ ಕಥೆ ನೀವೂ ಓದಿರುತ್ತೀರಿ. ಓದಿದ ಬುದ್ಧಿವಂತರೆಲ್ಲ ಹೇಳುವುದು ಒಂದೇ ಮಾತು: ನೋಡಿ ತಗೋಬೇಕಿತ್ತು.

ಏನನ್ನು ನೋಡುವುದು? ಅಲಾಯ್ ವೀಲು, ಕಪ್ಪು ಗಾಜು, ಗುಡುಗುವ ಸೈಲೆನ್ಸರ್ ಸರಿ, ಕಣ್ಣಿಗೋ ಕಿವಿಗೋ ಸಿಗುತ್ತವೆ. ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಎರಡು ಬೆರಳು ತಗ್ಗಿಸಿದ್ದರೆ? ಅದೇ ಮಾಡೆಲ್ಲಿನ ಇನ್ನೊಂದು ಕಾರನ್ನು ಪಕ್ಕ ನಿಲ್ಲಿಸದೆ ಗೊತ್ತಾಗುವುದು ಕಷ್ಟ. ಇನ್ನು ರೀಮ್ಯಾಪ್ ಅಂತೂ ಕೇಳಲೇಬೇಡಿ. ಎಂಜಿನ್ ನಡೆಸುವ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಕಂಪನಿಯ ಫೈಲ್ ತೆಗೆದು ಬೇರೆಯದನ್ನು ತುಂಬುತ್ತಾರೆ. ಇಂಧನದ ಲೆಕ್ಕ, ಟರ್ಬೋ ಒತ್ತಡ ಎಲ್ಲ ಬದಲಾಗಿ ಶಕ್ತಿ ಏರುತ್ತದೆ, ಆದರೆ ಒಂದು ಸ್ಕ್ರೂ ಕೂಡ ಅಲುಗಿರುವುದಿಲ್ಲ. ಬಾನೆಟ್ ಎತ್ತಿ ಎಷ್ಟು ಹೊತ್ತು ಇಣುಕಿದರೂ ಬರುವುದು ಕತ್ತುನೋವು ಮಾತ್ರ.

ಈಗ ವಿಮೆ ಅರ್ಜಿ ತೆಗೆಯಿರಿ. 'ವಾಹನದಲ್ಲಿ ಮಾರ್ಪಾಡು ಆಗಿದೆಯೇ?' ಹೌದು, ಇಲ್ಲ, ಎರಡೇ ಚೌಕ. 'ಗೊತ್ತಿಲ್ಲ ಸ್ವಾಮಿ, ನಿನ್ನೆ ತಾನೇ ಕೊಂಡೆ' ಅನ್ನುವುದಕ್ಕೆ ಜಾಗವೇ ಇಲ್ಲ. ಕಂಪನಿಗೆ ನಿಮ್ಮ ಮೇಲೆ ಅಷ್ಟು ನಂಬಿಕೆ! ಹಣ ತಗೊಳ್ಳುವಾಗ ಒಂದು ನಟ್ಟನ್ನೂ ಮುಟ್ಟಿ ನೋಡುವುದಿಲ್ಲ, ನೋಡಿದರೆ ನಿಮಗೆ ಬೇಜಾರಾದೀತು ಅಂತ. ಹಣ ಕೊಡುವಾಗ ಮಾತ್ರ ನಷ್ಟ ಅಳೆಯುವ ಸರ್ವೇಯರ್ ಬರುತ್ತಾರೆ. ಮೊಣಕಾಲೂರಿ, ಟಾರ್ಚ್ ಬಿಟ್ಟು, ಸ್ಪ್ರಿಂಗಿಗೆ ಮೆತ್ತಿದ ಕೆಸರನ್ನು ಕೆರೆದು, ಪಾರ್ಟ್ ನಂಬರಿನ ಫೋಟೋ ಹೊಡೆಯುತ್ತಾರೆ. ಕೆಲವು ಕಾರಿನ ಕಂಪ್ಯೂಟರಿನಲ್ಲಿ ಎಷ್ಟು ಸಲ ಫೈಲ್ ಬದಲಾಯಿತು ಎಂಬ ಎಣಿಕೆಯೂ ಇರುತ್ತದೆ, ಅದನ್ನೂ ಬಿಡುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಕೋಟೆ ಅಂದಮೇಲೆ ಇದನ್ನು ಹೇಳಲೇಬೇಕು. ವಿಮೆ ಮಾಡಿಸುವವನು ಏನನ್ನೂ ಮುಚ್ಚಿಡಬಾರದು ಎಂಬ ನಿಯಮಕ್ಕೆ ಎಲ್ಲರೂ ತೋರಿಸುವುದು 1766ರ ಒಂದು ಇಂಗ್ಲಿಷ್ ತೀರ್ಪನ್ನು. ಸುಮಾತ್ರಾದ ಫೋರ್ಟ್ ಮಾರ್ಲ್‌ಬರೋ ಕೋಟೆಯ ಗವರ್ನರ್ ಕಾರ್ಟರ್, ಶತ್ರುಗಳು ಕೋಟೆ ಹಿಡಿದರೆ ಅಂತ ವಿಮೆ ಮಾಡಿಸಿದ್ದ. ಫ್ರೆಂಚರು ಬಂದು ಹಿಡಿದೇಬಿಟ್ಟರು. ಕೋಟೆ ದುರ್ಬಲ ಅಂತ ನೀನು ಹೇಳಲೇ ಇಲ್ಲ, ದುಡ್ಡಿಲ್ಲ ಹೋಗು ಎಂದ ವಿಮೆ ಕೊಟ್ಟವನು. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ನಿಯಮವನ್ನು ಚೆನ್ನಾಗಿ ಹೇಳಿ, ಗೆಲ್ಲಿಸಿದ್ದು ಮಾತ್ರ ಗವರ್ನರನನ್ನು! ವಿಮೆ ಕೊಟ್ಟವನು ತಾನೇ ತಿಳಿದುಕೊಳ್ಳಬೇಕಾದ್ದನ್ನು ಗವರ್ನರ್ ಯಾಕೆ ಹೇಳಬೇಕು ಅಂತ. ಕಂಪನಿಗಳು ಆ ತೀರ್ಪಿನ ಮೊದಲರ್ಧವನ್ನು ಬಾಯಿಪಾಠ ಮಾಡಿಕೊಂಡಿವೆ. ಉಳಿದರ್ಧ ಸಿಲಬಸ್ಸಿನಲ್ಲಿ ಇರಲಿಲ್ಲವೇನೋ.

ಕೇಳಿದ್ದಕ್ಕೆ ಗ್ರಾಹಕ ತಕ್ಕಮಟ್ಟಿನ ಎಚ್ಚರದಿಂದ ಉತ್ತರ ಕೊಟ್ಟರೆ ಸಾಕು ಅಂತ ಬ್ರಿಟನ್ನಿನವರು ಕಾನೂನು ಮಾಡಿದ್ದು 2012ರಲ್ಲಿ. ಅಸಡ್ಡೆಯಿಂದ ತಪ್ಪು ಉತ್ತರ ಕೊಟ್ಟು, ಕಟ್ಟಬೇಕಾದ್ದರಲ್ಲಿ ಅರ್ಧ ಪ್ರೀಮಿಯಂ ಕಟ್ಟಿದ್ದವನಿಗೂ ಸಾಮಾನ್ಯವಾಗಿ ಅರ್ಧ ಕ್ಲೇಮಾದರೂ ಸಿಗಬೇಕು. 246 ವರ್ಷ ಬೇಕಾಯಿತು, ಪರವಾಗಿಲ್ಲ.

ಆದರೆ ನಿಜಕ್ಕೂ ಸಾಕಾಗಿದೆ. ಸ್ಪ್ರಿಂಗ್ ಬದಲಾಯಿಸಿದ ಹಳೇ ಮಾಲೀಕನಿಗೆ ಗೊತ್ತಿತ್ತು, ಹೇಳಲಿಲ್ಲ, ದುಡ್ಡು ಎಣಿಸಿಕೊಂಡು ಹೋದ. ಕಂಪನಿ ನೋಡಬಹುದಿತ್ತು, ನೋಡಲಿಲ್ಲ. ಏನೂ ಗೊತ್ತಿಲ್ಲದವನೊಬ್ಬ ಸಿಕ್ಕಿದ, ಅವನಿಗೆ ಬರೆ. ಇದನ್ನು ನಿಯಮ ಅಂತ ಕರೆಯಬೇಕಂತೆ.

ಅಕಸ್ಮಾತ್ ಪಾಲಿಸಿ ಮಧ್ಯದಲ್ಲಿ ಮಾರ್ಪಾಡು ಗೊತ್ತಾದರೆ? ತಕ್ಷಣ ತಿಳಿಸಬೇಕು, ಬರವಣಿಗೆಯಲ್ಲಿ. ಪ್ರಾಮಾಣಿಕತೆ ಮೆಚ್ಚಿ ಪ್ರೀಮಿಯಂ ಏರಿಸಬಹುದು, ಇಲ್ಲವೇ ಪಾಲಿಸಿಯನ್ನೇ ರದ್ದು ಮಾಡಬಹುದು. ಆಮೇಲೆ ಇನ್ನೊಂದು ಕಂಪನಿಯ ಅರ್ಜಿಯಲ್ಲಿ ಕೇಳುತ್ತಾರೆ: 'ಹಿಂದೆ ನಿಮ್ಮ ಪಾಲಿಸಿ ಯಾವುದಾದರೂ ರದ್ದಾಗಿದೆಯೇ?' ಈ ಪ್ರಶ್ನೆಗೆ ಮಾತ್ರ ಉತ್ತರ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ.